ಆಫ್ ಅಂತ ಬರೆದರೂ ಬ್ರೌಸರ್ ಯಾಕೆ ಫಾರ್ಮ್ ತುಂಬುತ್ತದೆ?

ಪ್ರಶ್ನೆ: ನಮ್ಮ ವೆಬ್‌ಸೈಟಿನ ಫಾರ್ಮ್‌ನಲ್ಲಿ ಆಟೋಫಿಲ್ (ಬ್ರೌಸರ್ ತಾನು ಉಳಿಸಿಟ್ಟಿದ್ದನ್ನು ತಾನೇ ತುಂಬುವ ಸೌಲಭ್ಯ) ತಪ್ಪು ಜಾಗದಲ್ಲಿ ಮಾಹಿತಿ ತುಂಬುತ್ತಿದೆ. ಊರಿನ ಹೆಸರು ಇರಬೇಕಾದ ಕಡೆ ಪೂರ್ತಿ ವಿಳಾಸ ಬಂದು ಕೂರುತ್ತದೆ. ಕೋಡ್‌ನಲ್ಲಿ ಅದನ್ನು ನಿಯಂತ್ರಿಸುವ ಆಟೋಕಂಪ್ಲೀಟ್ ಅನ್ನುವ ಗುಣಕ್ಕೆ ಆಫ್ ಅಂತ ಹಾಕಿದರೂ ಮಾತು ಕೇಳುತ್ತಿಲ್ಲ. ನಿಲ್ಲಿಸುವುದು ಹೇಗೆ?

ಉತ್ತರ: ನಿಲ್ಲಿಸೋಕೆ ಹೋಗಲೇಬೇಡಿ. ಲಾಗಿನ್ ಬಾಕ್ಸ್‌ಗಳಲ್ಲಂತೂ ಹೆಚ್ಚಿನ ಬ್ರೌಸರ್‌ಗಳು ಆಫ್ ಅನ್ನುವುದಕ್ಕೆ ಸೊಪ್ಪು ಹಾಕುವುದಿಲ್ಲ, ಅದೂ ಬೇಕಂತಲೇ. ಪಾಸ್‌ವರ್ಡ್ ಉಳಿಸಿಕೊಳ್ಳಲು ಬಿಡದಿದ್ದರೆ ಜನ ಸುಲಭದ್ದೊಂದನ್ನು ಇಟ್ಟುಕೊಂಡು ಅದನ್ನೇ ಎಲ್ಲ ಕಡೆ ಬಳಸುತ್ತಾರೆ, ಅಲ್ವಾ? ವಿಳಾಸದ ವಿಷಯದಲ್ಲೂ ಕ್ರೋಮ್ ಎಷ್ಟೋ ಸಲ ಹೀಗೇ ಮಾಡುತ್ತದೆ.

ನಿಮ್ಮ ನಿಜವಾದ ಸಮಸ್ಯೆ ಬೇರೆ. ಯಾವ ಬಾಕ್ಸ್ ಯಾವುದಕ್ಕೆ ಅಂತ ನೀವು ಹೇಳಿಲ್ಲ, ಹಾಗಾಗಿ ಬ್ರೌಸರ್ ಕೋಡ್‌ನಲ್ಲಿ ಬಾಕ್ಸಿಗೆ ಇಟ್ಟ ನೇಮ್, ಐಡಿ, ಪಕ್ಕದ ಲೇಬಲ್ ಇವನ್ನೆಲ್ಲ ನೋಡಿ ಊಹೆ ಮಾಡುತ್ತಿದೆ. ‘ಫೀಲ್ಡ್3’ ಅಂತ ಹೆಸರಿಟ್ಟರೆ ಪಾಪ ಅದಾದರೂ ಏನು ಮಾಡೀತು?

ಅದೇ ಆಟೋಕಂಪ್ಲೀಟ್‌ಗೆ ಆಫ್ ಬದಲು ಸರಿಯಾದ ಪದ ಕೊಡಿ. ಹೆಸರಿಗೆ ‘ನೇಮ್’, ಫೋನಿಗೆ ‘ಟೆಲ್’, ಅಂಚೆ ಕೋಡ್‌ಗೆ ‘ಪೋಸ್ಟಲ್-ಕೋಡ್’. ಇವೆಲ್ಲ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮದಲ್ಲೇ ಇರುವ ಪದಗಳು, ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಲೇಬಲ್ ಮಾತ್ರ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಊರಿನ ಬಾಕ್ಸ್‌ನಲ್ಲಿ ಜಾಸ್ತಿ ಜನ ಎಡವುತ್ತಾರೆ. ‘ಸಿಟಿ’ ಅಂತ ಬರೆದುಬಿಡುತ್ತಾರೆ, ಅಂಥ ಪದ ಆ ಪಟ್ಟಿಯಲ್ಲೇ ಇಲ್ಲ. ಊರಿಗೆ ‘ಅಡ್ರೆಸ್-ಲೆವೆಲ್2’, ರಾಜ್ಯಕ್ಕೆ ‘ಅಡ್ರೆಸ್-ಲೆವೆಲ್1’. ಯಾರಿಗೆ ಹೊಳೆಯಬೇಕು ಇದು! ಸಾಮಾನು ತಲುಪಿಸುವ ವಿಳಾಸ, ಬಿಲ್ಲಿನ ವಿಳಾಸ ಎರಡೂ ಒಂದೇ ಪುಟದಲ್ಲಿದ್ದರೆ ಈ ಪದಗಳಿಗಿಂತ ಮೊದಲು ‘ಶಿಪ್ಪಿಂಗ್’ ಅಥವಾ ‘ಬಿಲ್ಲಿಂಗ್’ ಸೇರಿಸಿ, ನಡುವೆ ಒಂದು ಸ್ಪೇಸ್ ಬಿಡಿ.

ಪಾಸ್‌ವರ್ಡ್‌ಗೆ ಎರಡು ಪದ ಇವೆ. ಲಾಗಿನ್ ಪುಟದಲ್ಲಿ ‘ಕರೆಂಟ್-ಪಾಸ್‌ವರ್ಡ್’, ಹೊಸ ಖಾತೆ ತೆರೆಯುವಲ್ಲಿ ‘ನ್ಯೂ-ಪಾಸ್‌ವರ್ಡ್’. ಎರಡನೆಯದನ್ನು ಹಾಕಿದರೆ ಬ್ರೌಸರ್ ಹಳೆಯದನ್ನು ತುಂಬುವ ಬದಲು ತಾನೇ ಒಂದು ಗಟ್ಟಿ ಪಾಸ್‌ವರ್ಡ್ ಸೂಚಿಸಬಹುದು. ಒಟಿಪಿಗೆ ‘ಒನ್-ಟೈಮ್-ಕೋಡ್’ ಹಾಕಿ. ಐಫೋನ್‌ನಲ್ಲಿ ಎಸ್ಸೆಮ್ಮೆಸ್ ಬಂದ ಕೂಡಲೇ ಕೀಬೋರ್ಡ್ ಮೇಲೆ ಆ ಅಂಕಿಗಳು ಕಾಣಿಸುತ್ತವೆ, ಒತ್ತಿದರೆ ಸಾಕು. ಅಂಗವಿಕಲರಿಗೂ ವೆಬ್ ಬಳಸಲು ಆಗಬೇಕು ಅನ್ನುವ ಮಾರ್ಗಸೂಚಿ, 2018ರ ಡಬ್ಲ್ಯೂಸಿಎಜಿ 2.1 ಕೂಡ ಬಳಕೆದಾರರ ಸ್ವಂತ ಮಾಹಿತಿ ಕೇಳುವ ಬಾಕ್ಸ್ ಯಾವುದಕ್ಕೆ ಅಂತ ಕೋಡ್‌ನಲ್ಲೇ ತಿಳಿಯುವಂತಿರಬೇಕು ಅನ್ನುತ್ತದೆ, ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟದಲ್ಲಿ.

ಇಷ್ಟು ಮಾಡಿದರೂ ಡಿಸೈನ್ ಕೈಕೊಡಬಹುದು. ಫೋನ್ ನಂಬರನ್ನು ಮೂರು ಬಾಕ್ಸ್, ಕಾರ್ಡ್ ನಂಬರನ್ನು ನಾಲ್ಕು ಬಾಕ್ಸ್ ಮಾಡಿ ಸುಮ್ನೆ ಚಂದಕ್ಕೆ ಒಡೆಯಬೇಡಿ. ಫೋನ್ ಬಾಕ್ಸಿಗೆ ಹತ್ತೇ ಅಕ್ಷರ ಅಂತ ಮಿತಿ ಹಾಕಿದ್ದರೆ, ದೇಶದ ಕೋಡ್ ಸಮೇತ ಬಂದ ನಂಬರಿನ ಬಾಲ ಕತ್ತರಿಸಿ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಇಮೇಲ್ ಎರಡು ಸಲ ಕೇಳುವುದರಿಂದಲೂ ಏನೂ ಉಪಯೋಗವಿಲ್ಲ: ಉಳಿಸಿಟ್ಟದ್ದೇ ತಪ್ಪಿದ್ದರೆ ಎರಡೂ ಕಡೆ ಅದೇ ತಪ್ಪು ಬೀಳುತ್ತದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಪ್ಲೇಸ್‌ಹೋಲ್ಡರನ್ನೇ (ಖಾಲಿ ಬಾಕ್ಸಿನೊಳಗೆ ಕಾಣುವ ಬೂದು ಬಣ್ಣದ ಸುಳಿವು) ಲೇಬಲ್ ಮಾಡಿದ ಫಾರ್ಮ್ ಕಂಡಾಗ. ಒಂದು ಕ್ಲಿಕ್‌ಗೆ ಎಂಟು ಬಾಕ್ಸ್ ತುಂಬಿ ತಿಳಿನೀಲಿ ಆಗುತ್ತವೆ, ಒಳಗಿದ್ದ ಬೂದು ಅಕ್ಷರಗಳೆಲ್ಲ ಮಾಯ. ಎರಡು ಫೋನ್ ನಂಬರ್‌ಗಳಲ್ಲಿ ಮನೆಯದು ಯಾವುದು, ಆಫೀಸಿನದು ಯಾವುದು? ಎಲ್ಲ ಅಳಿಸಿದರೇ ಗೊತ್ತಾಗುವುದು. ಲೇಬಲ್ ಬಾಕ್ಸಿನ ಹೊರಗಿರಲಿ. ಹಾಗೇ, ಕೀ ಒತ್ತಿದರೆ ಮಾತ್ರ ಸಬ್ಮಿಟ್ ಬಟನ್ ತೆರೆದುಕೊಳ್ಳುವಂತೆ ಬರೆದಿದ್ದರೆ ಬದಲಿಸಿ; ಆಟೋಫಿಲ್ ಕೀ ಒತ್ತುವುದಿಲ್ಲ, ಬಾಕ್ಸಿನಲ್ಲಿರುವುದು ಬದಲಾದಾಗ ಕೋಡ್‌ಗೆ ತಿಳಿಸುವ ಇನ್‌ಪುಟ್ ಅಥವಾ ಚೇಂಜ್ ಈವೆಂಟ್ ನೋಡಿ.

ಆಫ್‌ಗೂ ಜಾಗ ಇದೆ. ಕೌಂಟರಿನಲ್ಲಿ ಕೂತವರು ಇಡೀ ದಿನ ಬೇರೆಯವರ ವಿವರ ತುಂಬುವ ಫಾರ್ಮ್ ಆದರೆ, ಪ್ರತಿ ಸಲ ಅವರದ್ದೇ ವಿಳಾಸ ಇಣುಕುವುದು ಬರೀ ಕಿರಿಕಿರಿ. ಅಲ್ಲಿ ಆಫ್ ಹಾಕಿ, ಆದರೆ ಬ್ರೌಸರ್ ಕೇಳಿಯೇ ಕೇಳುತ್ತದೆ ಅಂತ ನಂಬಬೇಡಿ. ಆ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲೇ ವಿಳಾಸ ಉಳಿಸುವುದನ್ನು ನಿಲ್ಲಿಸುವುದು ಹೆಚ್ಚು ಖಾತ್ರಿ.