ಶುಗರ್ ಇರುವವರು ಹೃದಯಕ್ಕಾಗಿ ನೋಡಿಸಬೇಕಾದ ಅಳತೆಗಳು

ಶುಗರ್ ಇರುವವರು ತಪಾಸಣೆಗೆ ಬರುವಾಗ ಸಾಮಾನ್ಯವಾಗಿ ಎರಡೇ ಸಂಖ್ಯೆ ಹಿಡಿದು ಬರುತ್ತಾರೆ: ಖಾಲಿ ಹೊಟ್ಟೆಯದು, ಊಟವಾದ ಮೇಲಿನದು. ಅವೆರಡೂ ಸರಿಯಿದ್ದರೆ ಮನೆಯವರಿಗೆಲ್ಲ ಸಮಾಧಾನ. ಆದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದರಲ್ಲಿ ಬಿಪಿ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್, ತಂಬಾಕು ಇವುಗಳ ಪಾಲು ದೊಡ್ಡದು. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದಲ್ಲಿ 160 ಮಧುಮೇಹಿಗಳ ಪೈಕಿ ಅರ್ಧ ಜನರಿಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಒಟ್ಟಿಗೇ ಬಿಗಿಯಾಗಿ ಹಿಡಿದರು. ಸುಮಾರು 8 ವರ್ಷಗಳಲ್ಲಿ ಅವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಶುಗರ್ ಒಂದನ್ನೇ ಹಟ ಹಿಡಿದು ಇಳಿಸಿದರೆ ಹೀಗಾಗುವುದಿಲ್ಲ. 2008ರ ಅಕಾರ್ಡ್ ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾಗಿ, ಆ ಚಿಕಿತ್ಸೆಯನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಹೆಚ್ಚಿನವರಿಗೆ 7ರ ಆಸುಪಾಸು ಸಾಕು. ವಯಸ್ಸಾದವರಿಗೆ, ಶುಗರ್ ಪದೇ ಪದೇ ಲೋ ಆಗುವವರಿಗೆ 8ರವರೆಗೂ ಬಿಡಬಹುದು.

ಅತಿ ಹೆಚ್ಚು ತಪ್ಪು ನಡೆಯುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ವಿಷಯದಲ್ಲಿ. ಲ್ಯಾಬಿನ ಹಾಳೆಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವ ಮಿತಿ ಶುಗರ್ ಇಲ್ಲದವರಿಗೆ. ಮಧುಮೇಹದ ಜೊತೆ ಬಿಪಿಯೋ ಬೀಡಿಯೋ ಇದ್ದರೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ 55ಕ್ಕಿಂತ ಕೆಳಗೆ. ಹಾಗಾಗಿ 40 ದಾಟಿದ ಬಹುತೇಕ ಮಧುಮೇಹಿಗಳಿಗೆ ಅಟೊರ್ವಾಸ್ಟ್ಯಾಟಿನ್ 10–20 ಮಿಲಿಗ್ರಾಂ ಅಥವಾ ಅದಕ್ಕೆ ಸಮನಾದದ್ದು ಬೇಕಾಗುತ್ತದೆ. ಮೂರು ತಿಂಗಳು ನುಂಗಿ, ರಿಪೋರ್ಟ್ ಚೆನ್ನಾಗಿ ಬಂತೆಂದು ಬಿಟ್ಟುಬಿಡುವವರು ಬಹಳ. ಅದು ಚೆನ್ನಾಗಿ ಬಂದದ್ದೇ ಮಾತ್ರೆಯಿಂದ. ಬಿಟ್ಟ ಕೆಲವೇ ವಾರಗಳಲ್ಲಿ ಮೊದಲಿನಷ್ಟಕ್ಕೇ ಏರುತ್ತದೆ. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ. ಡೋಸ್ ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ಆಸ್ಪಿರಿನ್ ಕಥೆಯೇ ಬೇರೆ: ಹೃದ್ರೋಗವಿಲ್ಲದವರು ಪಕ್ಕದ ಮನೆಯವರನ್ನು ನೋಡಿ ದಿನವೂ ನುಂಗಿದರೆ ಆಗುವ ಲಾಭವನ್ನು ಹೊಟ್ಟೆಯೊಳಗಿನ ರಕ್ತಸ್ರಾವವೇ ತಿಂದುಹಾಕಬಹುದು.

ಬಿಪಿ 130/80ಕ್ಕಿಂತ ಕೆಳಗಿರಲಿ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಯಿರಿ. ಬಹಳ ವರ್ಷಗಳಿಂದ ಮಧುಮೇಹ ಇರುವವರು ಎದ್ದು ನಿಂತ ಮೇಲೂ ಒಮ್ಮೆ ನೋಡಿಸಬೇಕು. ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಇಳಿದರೆ, ರಕ್ತನಾಳಗಳನ್ನು ಹಿಡಿತದಲ್ಲಿಡುವ ನರಗಳು ಸೋತಿರಬಹುದು. ಊಟದಲ್ಲಿ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ ಇಟ್ಟುಕೊಂಡರೆ ದಿನಕ್ಕೆ 5 ಗ್ರಾಂ ಮಿತಿ ಉಳಿಯುವುದಿಲ್ಲ. ರಾಗಿ ಮುದ್ದೆಯೂ ಪಿಷ್ಟವೇ. ಒಂದು ಸಣ್ಣದು ಸಾಕು, ಸೊಪ್ಪು-ಕಾಳಿನ ಸಾರು ಹೆಚ್ಚಿರಲಿ.

ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ; ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ಅದು ತೋರಿಸುತ್ತದೆ. 30 ದಾಟಿದರೆ ಮೂತ್ರಪಿಂಡಕ್ಕೆ ಎಷ್ಟು ಅಪಾಯವೋ ಹೃದಯಕ್ಕೂ ಅಷ್ಟೇ. ಅಂಥವರಿಗೂ ಹೃದಯ ವೈಫಲ್ಯ ಇರುವವರಿಗೂ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಶುಗರ್ ಇಳಿಸುವುದಕ್ಕಿಂತ ದೊಡ್ಡ ಉಪಕಾರ ಮಾಡುತ್ತವೆ. ವಾಂತಿ-ಭೇದಿ ಇದ್ದಾಗ, ಉಪವಾಸದಲ್ಲಿ, ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲು ಇವನ್ನು ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಇಲ್ಲವಾದರೆ ಶುಗರ್ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರಬಹುದು.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ನೋವಿಲ್ಲದ ಹೃದಯಾಘಾತ. ನರಗಳು ಹಾಳಾದವರಿಗೆ ಎದೆ ನೋಯದೇ ಇರಬಹುದು. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ದವಡೆಯಲ್ಲಿ ಸೆಳೆತ, ಕಾರಣವಿಲ್ಲದ ಸುಸ್ತು, ಇಷ್ಟೇ. ಹೆಂಗಸರಲ್ಲಿ ಇದನ್ನು ‘ಗ್ಯಾಸ್’ ಎಂದು ತಳ್ಳಿಹಾಕುವುದು ಇನ್ನೂ ಹೆಚ್ಚು. ಬೆವರಿದ ಕೂಡಲೇ ಶುಗರ್ ಲೋ ಆಯಿತೆಂದು ಸಕ್ಕರೆ ತಿನ್ನಿಸಿ ಕಾಯುತ್ತಾ ಕೂರಬೇಡಿ, ಗ್ಲೂಕೋಮೀಟರ್ ಹಾಕಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. 70ಕ್ಕಿಂತ ಹೆಚ್ಚಿದ್ದೂ ಬೆವರುತ್ತಿದ್ದರೆ, ಅಥವಾ ಸಕ್ಕರೆ ಏರಿದ ಮೇಲೂ ಬೆವರು ನಿಲ್ಲದಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಕರ್ನಾಟಕದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಇಸಿಜಿ ಸರಿಯಿದೆ ಎಂದರೂ ಮನೆಗೆ ಹೊರಡಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಮಾಡಿಸಿ, ಕೆಲವು ಗಂಟೆ ಬಿಟ್ಟು ಎರಡನ್ನೂ ಮತ್ತೊಮ್ಮೆ ಮಾಡುವಂತೆ ಕೇಳಿ.