ಹಳೇ ಸಿಂಥ್‌ನ ಕರಕರ ನಾಬ್: ತೊಳೆಯುವ ಮೊದಲು ಕೇಳಿ

ಹಳೇ ಅನಲಾಗ್ ಸಿಂಥಸೈಜರ್‌ನ (ವಿದ್ಯುತ್ ಸರ್ಕ್ಯೂಟ್‌ಗಳಿಂದ ಸ್ವರ ಹುಟ್ಟಿಸುವ ವಾದ್ಯ, ಚುಟುಕಾಗಿ ಸಿಂಥ್) ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಎಲ್ಲರ ಕೈಯೂ ಮೊದಲು ಸ್ಪ್ರೇ ಡಬ್ಬಿಗೇ ಹೋಗುತ್ತದೆ. ನನ್ನದೂ ಹೋಗಿತ್ತು. ಆದರೆ ಕೊಳೆಯಿಂದ ಬರುವ ಕರಕರ ತೊಳೆದರೆ ಹೋಗುತ್ತದೆ, ಸವೆತದಿಂದ ಬರುವುದು ಹೋಗುವುದಿಲ್ಲ. ಇನ್ನೊಂದು ಬಗೆ ಇದೆ, ಅದರಲ್ಲಿ ತಪ್ಪು ನಾಬ್‌ನದ್ದೇ ಅಲ್ಲ. ಅದಕ್ಕೇ ಮೊದಲು ಕೇಳುವ ವಿಷಯ, ಆಮೇಲೆ ತೊಳೆಯುವ ವಿಷಯ.

ನಾಬ್ ಅಂದರೆ ಮೇಲಿನ ಟೋಪಿ ಅಷ್ಟೇ. ನಿಜವಾದ ಕೆಲಸ ಕೆಳಗಿರುವ ಪೊಟೆನ್ಶಿಯೊಮೀಟರ್‌ನದ್ದು, ರೂಢಿಯಲ್ಲಿ ಪಾಟ್. ಅದರೊಳಗೆ ಕುದುರೆ ಲಾಳದ ಆಕಾರದ ಕಾರ್ಬನ್ ಪಟ್ಟಿ ಇರುತ್ತದೆ. ಪಟ್ಟಿಯ ಎರಡು ತುದಿಗೆ, ಬೋರ್ಡ್‌ಗೆ ಬೆಸೆಯುವ ಲೋಹದ ಕಾಲು ಒಂದೊಂದು. ಪಟ್ಟಿಯ ಮೇಲೆ ಜಾರುವ ಲೋಹದ ತುಂಡಿಗೆ ವೈಪರ್ ಅನ್ನುತ್ತಾರೆ, ನಡುವಿನ ಕಾಲು ಅದರದ್ದು. ಪಟ್ಟಿಗೂ ವೈಪರ್‌ಗೂ ನಡುವೆ ದೂಳು, ಲೋಹದ ಮೇಲಿನ ಕಿಲುಬು ಅಥವಾ ಒಣಗಿದ ಗ್ರೀಸ್ ಬಂದರೆ ಸಂಪರ್ಕ ಕ್ಷಣಕ್ಷಣಕ್ಕೂ ತಪ್ಪುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತ ನಾಬ್‌ಗಳೇ ಜಾಸ್ತಿ ತೊಂದರೆ ಕೊಡುತ್ತವೆ. ತಿರುಗಿಸುತ್ತಾ ಇದ್ದರೆ ವೈಪರ್ ತನ್ನ ದಾರಿಯನ್ನು ತಾನೇ ಉಜ್ಜಿಕೊಳ್ಳುತ್ತದೆ.

ರೇಡಿಯೊದ ವಾಲ್ಯೂಮ್ ನಾಬ್ ಕೆಟ್ಟರೆ ಸುಮ್ನೆ ಕರಕರ ಅನ್ನುತ್ತದೆ. ಸಿಂಥ್‌ನಲ್ಲಿ ಹಾಗಲ್ಲ, ಅಲ್ಲಿ ಎಷ್ಟೋ ನಾಬ್‌ಗಳಲ್ಲಿ ಸದ್ದು ಹರಿಯುವುದೇ ಇಲ್ಲ. 1970ರ ಮಿನಿಮೂಗ್ ತೆಗೆದುಕೊಳ್ಳಿ. ಅದರ ಕಟಾಫ್ ನಾಬ್‌ನಿಂದ ಹೊರಡುವುದು ಬರೀ ಒಂದು ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್, ಅದು ಹೋಗಿ ಸದ್ದಿನ ತೀಕ್ಷ್ಣ ಭಾಗವನ್ನು ಸೋಸುವ ಫಿಲ್ಟರ್‌ಗೆ ಎಲ್ಲಿಂದ ಸೋಸಬೇಕು ಎಂದು ಹೇಳುತ್ತದೆ. ಸಂಪರ್ಕ ತಪ್ಪಿದರೆ ಫಿಲ್ಟರ್ ಥಟ್ಟನೆ ಹಾರುತ್ತದೆ. ಪಿಚ್‌ನ ನಾಬ್ ಆಗಿದ್ದರೆ ಸ್ವರವೇ ಜಿಗಿಯುತ್ತದೆ. 1978ರ ಪ್ರಾಫೆಟ್-5, 1984ರ ಜೂನೊ-106 ಥರದವುಗಳಲ್ಲಿ ಪಾಟ್‌ನ ವೋಲ್ಟೇಜನ್ನು ಒಳಗಿನ ಪ್ರೊಸೆಸರ್ ಸಂಖ್ಯೆಯಾಗಿ ಓದುತ್ತದೆ. ಅಲ್ಲಿ ಕೊಳೆ ಕೂತರೆ ಕರಕರಕ್ಕಿಂತ ನಡುಕವೇ ಜಾಸ್ತಿ. ಯಾರೂ ಮುಟ್ಟದೆಯೇ ಯಾರೋ ನಾಬ್ ಅಲ್ಲಾಡಿಸಿದ ಹಾಗೆ ಸದ್ದು ಬದಲಾಗಬಹುದು.

ಈಗ ಕಿವಿಗೆ ಕೆಲಸ. ಒಂದೇ ಜಾಗದಲ್ಲಿ, ಪ್ರತಿ ಸಲವೂ ಅಲ್ಲೇ ಹಾರಿದರೆ ಪಟ್ಟಿ ಸವೆದಿರಬಹುದು. ಅಲ್ಲಲ್ಲಿ ಕರಕರ ಅಂದು, ತಿರುಗಿಸುತ್ತಾ ಹೋದಂತೆ ಕಡಿಮೆಯಾದರೆ ಕೊಳೆ. ಸದ್ದು ಹರಿಯುವ ನಾಬ್‌ನಲ್ಲಿ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಗೀರಿದಂತೆ ಕೇಳಿಸಿ, ತೊಳೆದರೂ ಬೇಗನೆ ಮರಳಿ ಬಂದರೆ ಪಾಟ್‌ಗೆ ಮುಂಚೆ ಬರುವ ಕಪ್ಲಿಂಗ್ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಡಿಸಿಯನ್ನು ತಡೆಯುವುದು ಅದರ ಕೆಲಸ. ಅದು ಸೋರಿದರೆ ಡಿಸಿ ಪಾಟ್‌ಗೆ ಬಂದು ಸೇರುತ್ತದೆ, ಹೊಸ ಪಾಟ್ ಹಾಕಿದರೂ ಕರಕರ ಬರುತ್ತದೆ. ಕಟಾಫ್ ಥರದ ನಾಬ್‌ನಲ್ಲಿ ಡಿಸಿ ಇರಲೇಬೇಕು, ಅಲ್ಲಿ ಈ ಅನುಮಾನ ಬೇಡ.

ಖಚಿತ ಮಾಡಿಕೊಳ್ಳಲು ಪ್ಲಗ್ ಕಿತ್ತು, ನಡುವಿನ ಕಾಲಿಗೂ ಒಂದು ತುದಿಯ ಕಾಲಿಗೂ ಮಲ್ಟಿಮೀಟರನ್ನು ಓಮ್‌ಗೆ (ವಿದ್ಯುತ್ ರೋಧದ ಅಳತೆ) ಇಟ್ಟು ಹಿಡಿದು ನಾಬ್ ನಿಧಾನ ತಿರುಗಿಸಿ. ಇಲ್ಲಿ ಹಳೇ ಮುಳ್ಳಿನ ಮೀಟರೇ ಮೇಲು. ಮುಳ್ಳು ಜಿಗಿದದ್ದು ಕಣ್ಣಿಗೆ ಬೀಳುತ್ತದೆ, ಡಿಜಿಟಲ್‌ನಲ್ಲಿ ಅಂಕಿ ಕುಣಿದು ತಪ್ಪಿಹೋಗುತ್ತದೆ. ಬೋರ್ಡ್‌ನಲ್ಲೇ ಅಳೆದಾಗ ಓಮ್ ಲೆಕ್ಕ ಸರಿ ಬರದಿದ್ದರೆ ಗಾಬರಿ ಬೇಡ, ಸುತ್ತಲಿನ ಬಿಡಿಭಾಗಗಳೂ ಲೆಕ್ಕಕ್ಕೆ ಸೇರಿರುತ್ತವೆ. ನೋಡಬೇಕಾದದ್ದು ಜಿಗಿತವನ್ನು ಮಾತ್ರ.

ತೊಳೆಯುವಾಗಲೂ ಪ್ಲಗ್ ಹೊರಗೇ ಇರಲಿ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು, ಆ ಕಡೆ ಕೈ ಹಾಕಬೇಡಿ. ಮೊದಲು ಸ್ಪ್ರೇ ಇಲ್ಲದೆ ನಾಬ್ ಅನ್ನು ತುದಿಯಿಂದ ತುದಿಗೆ ಮೂವತ್ತು ಸಲ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ! ಹೋಗದಿದ್ದರೆ ಡಿಆಕ್ಸಿಟ್ ಥರದ ಕಾಂಟ್ಯಾಕ್ಟ್ ಕ್ಲೀನರ್ ತೆಗೆದುಕೊಂಡು, ಕಾಲುಗಳ ಹತ್ತಿರದ ಸಣ್ಣ ಸಂದಿಗೆ ಕೊಳವೆ ಇಟ್ಟು ಒಂದೇ ಒಂದು ಚಿಮ್ಮು ಹಾಕಿ. ಮತ್ತೆ ತಿರುಗಿಸಿ. ಪೂರ್ತಿ ಆರುವ ತನಕ ಸ್ವಿಚ್ ಹಾಕಬೇಡಿ, ಇಂಥ ದ್ರಾವಕಗಳಿಗೆ ಬೆಂಕಿ ಹತ್ತಿಕೊಳ್ಳಬಹುದು. ಡಬ್ಲ್ಯೂಡಿ-40 ಕೈಗೆ ಸಿಕ್ಕಿತು ಅಂತ ಅದನ್ನೇ ಹೊಡೆಯುವುದು ಬೇಡ. ಅದು ಬಿಡುವ ಎಣ್ಣೆಗೆ ದೂಳು ಮತ್ತೆ ಬಂದು ಅಂಟುತ್ತದೆ. ಅಸಿಟೋನ್ ಅಂತೂ ಹತ್ತಿರ ಬರಬಾರದು. ಸ್ವರ ಹುಟ್ಟಿಸುವ ಹಳೇ ಆಸಿಲೇಟರ್ ಬೋರ್ಡ್‌ಗಳಲ್ಲಿ ಪಾಲಿಸ್ಟೈರಿನ್ ಕೆಪಾಸಿಟರ್ ಇರುವುದುಂಟು, ಅದು ಕರಗಿಹೋಗುತ್ತದೆ.

ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಒಂದು ಚಿಮ್ಮು ಸಾಲದು ಅನಿಸಿ ಐದಾರು ಸಲ ಹೊಡೆದೆ. ಕರಕರ ಹೋಯಿತು, ಜೊತೆಗೆ ನಾಬ್‌ನ ಆ ಹದವಾದ ಬಿಗಿಯೂ ಹೋಯಿತು. ಆ ಬಿಗಿ ಬರುವುದು ನಾಬ್ ಕೂರುವ ಕಡ್ಡಿಯ ಸುತ್ತ ಹಚ್ಚಿದ ದಪ್ಪ ಗ್ರೀಸ್‌ನಿಂದ, ದ್ರಾವಕ ಅದನ್ನೂ ತೊಳೆದುಬಿಟ್ಟಿತ್ತು. ಈಗ ಅದು ಬೆರಳು ತಾಕಿದರೆ ಸಾಕು, ಗಿರ್ರನೆ ತಿರುಗುತ್ತದೆ.

ತಿರುಗಿಸುವ ಬದಲು ನೇರ ಜಾರಿಸುವ ಸ್ಲೈಡರ್‌ಗಳ (ಫೇಡರ್ ಅಂತಲೂ ಅನ್ನುತ್ತಾರೆ) ಪಾಡು ಬೇರೆ. 1972ರ ಆರ್ಪ್ ಒಡಿಸಿಯಂಥ ಸಿಂಥ್‌ಗಳಲ್ಲಿ ಸ್ಲೈಡರ್‌ನ ಸೀಳು ಆಕಾಶಕ್ಕೆ ಬಾಯಿ ತೆರೆದಿರುತ್ತದೆ, ದೂಳು ನೇರ ಒಳಗೆ. ಅದರ ಮೇಲೆ ಸ್ಪ್ರೇ ಹೊಡೆದರೆ ಕೊಳೆ ಇನ್ನೂ ಆಳಕ್ಕೆ ಇಳಿಯುತ್ತದೆ. ಮೊದಲು ಮೆದು ಬ್ರಷ್‌ನಿಂದ ಗುಡಿಸಿ, ಗಾಳಿ ಊದಿ, ಆಮೇಲೆ ಕ್ಲೀನರ್, ಕೊನೆಗೆ ಫೇಡರ್‌ಗೆಂದೇ ಮಾಡಿದ ಲೂಬ್ರಿಕೆಂಟ್.

ಇಷ್ಟಾದರೂ ಒಂದೇ ಜಾಗದಲ್ಲಿ ಹಾರುತ್ತಿದ್ದರೆ ಪಾಟ್ ಬದಲಿಸಬೇಕು. ಓಮ್ ನೋಡಿದರೆ ಸಾಲದು, ಅಂಕಿಗೆ ಮೊದಲು ಬರೆದ ಅಕ್ಷರವನ್ನೂ ನೋಡಿ. ಜಪಾನಿನ ಭಾಗಗಳಲ್ಲಿ ಬಿ10ಕೆ ಅಂದರೆ ಸಮವಾಗಿ ಏರುವ ಲೀನಿಯರ್, ಎ ಅಂದರೆ ವಾಲ್ಯೂಮ್‌ಗೆ ಬಳಸುವ, ಸಮವಲ್ಲದೆ ಏರುವ ಲಾಗ್. ಹಳೇ ಯುರೋಪಿನ ಭಾಗಗಳಲ್ಲಿ ಇದು ಉಲ್ಟಾ ಇರುವುದುಂಟು. ಅಕ್ಷರ ನಂಬದೆ, ನಾಬ್ ಅನ್ನು ನಡುವೆ ನಿಲ್ಲಿಸಿ ಅಳೆಯಿರಿ. ಎರಡೂ ಕಡೆ ಹೆಚ್ಚುಕಮ್ಮಿ ಅರ್ಧರ್ಧ ಬಂದರೆ ಲೀನಿಯರ್.