ಟ್ಯಾಂಕ್‌ಗೆ ದಿನಾ ಬಿಸಿಲು ಬಿದ್ದರೂ ಆಮೆಯ ಚಿಪ್ಪು ಮೆತ್ತಗಾಗಿದೆ, ಯಾಕೆ?

ಪ್ರಶ್ನೆ: ನಮ್ಮ ಆಮೆಗೆ ಎರಡು ವರ್ಷ. ಚಿಪ್ಪು ಒತ್ತಿದರೆ ತಗ್ಗುತ್ತದೆ. ಟ್ಯಾಂಕ್ ಕಿಟಕಿ ಪಕ್ಕದಲ್ಲೇ ಇದೆ, ಬಿಸಿಲು ಚೆನ್ನಾಗಿ ಬೀಳುತ್ತದೆ. ಆದರೂ ಯಾಕೆ ಹೀಗೆ?

ಕಿಟಕಿಯ ಗಾಜು ಮುಚ್ಚಿರುತ್ತದೆ, ಅಲ್ವಾ? ತೊಂದರೆ ಅಲ್ಲೇ ಇದೆ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಯಾಕೆಂದರೆ ನರಳುವುದು ಬಾಯಿಲ್ಲದ ಪ್ರಾಣಿ.

ಗಾಜು ದಾಟಿ ಬರುವುದು ಬೆಳಕು ಮತ್ತು ಬಿಸಿ. ಬಿಸಿಲಲ್ಲಿ ಯುವಿಬಿ ಅಂತ ಕಣ್ಣಿಗೆ ಕಾಣದ ಒಂದು ಅತಿನೇರಳೆ ಕಿರಣ ಇರುತ್ತದೆ. ಆಮೆಗೆ ಬೇಕಾದ ಆ ಕಿರಣವನ್ನು ಗಾಜು ತಡೆದುಬಿಡುತ್ತದೆ. ಆ ಕಿರಣ ಚರ್ಮಕ್ಕೆ ತಾಗಿದರೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಚಿಪ್ಪೂ ಮೂಳೆಯೇ. ಆಮೆಯ ಬೆನ್ನುಮೂಳೆ, ಪಕ್ಕೆಲುಬು ಅದಕ್ಕೇ ಬೆಸೆದುಕೊಂಡಿವೆ. "ಗಾಜಿನ ಹತ್ತಿರ ಕೈ ಇಟ್ಟರೆ ಸುಡುತ್ತದಲ್ಲ" ಎನ್ನುತ್ತಾರೆ. ಬಿಸಿ ಬೇರೆ, ಯುವಿಬಿ ಬೇರೆ. ಯುವಿಬಿ ಬಲ್ಬ್ ತಂದು ಅದರ ಕೆಳಗೆ ಗಾಜಿನ ಮುಚ್ಚಳ ಇಟ್ಟರೂ ದುಡ್ಡು ದಂಡ. ಮನೆಯ ಎಲ್‌ಇಡಿ ದೀಪದಿಂದ ಏನೂ ಪ್ರಯೋಜನವಿಲ್ಲ. ಚಿಪ್ಪಿಗೆ ಸುಮ್ನೆ ಎಣ್ಣೆ ಸವರಬೇಡಿ, ಅದರಿಂದ ಗಟ್ಟಿಯಾಗುವುದಿಲ್ಲ.

ಬೆಳಗಿನ ಎಳೆ ಬಿಸಿಲಿಗೆ ಆಮೆಯನ್ನು ಟಬ್‌ನಲ್ಲಿ ಹೊರಗಿಡಿ. ಅರ್ಧ ಭಾಗ ನೆರಳಿರಲಿ, ಸ್ವಲ್ಪ ನೀರಿರಲಿ. ಗಾಜಿನ ಟ್ಯಾಂಕನ್ನೇ ಬಿಸಿಲಿಗಿಟ್ಟರೆ ಒಳಗೆ ಕಾದು ಆಮೆ ಸತ್ತೇಹೋಗಬಹುದು. ಕಾಗೆ, ಹದ್ದು ಬರುತ್ತವೆ, ಪಕ್ಕದಲ್ಲೇ ಕೂತಿರಿ. ಕ್ಯಾಲ್ಸಿಯಂಗೆ ಲವ್ ಬರ್ಡ್ಸ್‌ಗೆ ಕೊಡುವ ಕಟಲ್ ಬೋನ್ (ಒಂದು ಕಡಲ ಜೀವಿಯ ಒಳಚಿಪ್ಪು) ನೀರಿಗೆ ಹಾಕಿ, ಆಮೆ ಕಚ್ಚಿ ತಿನ್ನಲಿ. ನಿಮ್ಮ ಆಮೆಯ ಚಿಪ್ಪು ಈಗಾಗಲೇ ಮೆತ್ತಗಾಗಿರುವುದರಿಂದ ಇಷ್ಟೇ ಸಾಲದು. ಆಮೆ ನೋಡಿ ಗೊತ್ತಿರುವ ಪಶುವೈದ್ಯರ ಹತ್ತಿರ ಹೋಗಿ, ಎಕ್ಸ್‌ರೇ ಬೇಕಾಗಬಹುದು. ಡಿ3 ಹನಿ ನೀವೇ ಕೊಡಬೇಡಿ, ಜಾಸ್ತಿಯಾದರೆ ಅದೇ ವಿಷ.

ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ವಿಟಮಿನ್ ಎ ಕೊರತೆ ಅಥವಾ ಕೊಳಕು ನೀರು ಕಾರಣ. ಈಜುವಾಗ ಒಂದು ಪಕ್ಕಕ್ಕೆ ವಾಲಿದರೆ, ಬಾಯಿ ತೆರೆದು ಉಸಿರಾಡಿದರೆ ನ್ಯುಮೋನಿಯಾ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ನಾಯಿಗೆ ತಂದಿಟ್ಟ ಐವರ್ಮೆಕ್ಟಿನ್ ಎಂಬ ಹುಳುವಿನ ಔಷಧಿ ಮಾತ್ರ ಆಮೆಗೆ ಕೊಡಲೇಬೇಡಿ, ಪ್ರಾಣ ಹೋಗುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಾಕುವುದು ಕಷ್ಟ ಅನಿಸಿದಾಗ ಜನ ಕೆರೆ ನೆನಪು ಮಾಡಿಕೊಳ್ಳುತ್ತಾರೆ. ಕಿವಿ ಹತ್ತಿರ ಕೆಂಪು ಪಟ್ಟಿ ಇದ್ದರೆ ನಿಮ್ಮದು ರೆಡ್ ಇಯರ್ಡ್ ಸ್ಲೈಡರ್. ಅದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ನಮ್ಮ ಕೆರೆಗೆ ಬಿಟ್ಟರೆ ಇಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ, ರೋಗವನ್ನೂ ಹರಡಬಹುದು. ಹೆಣ್ಣಾದರೆ 25ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ. ಟ್ಯಾಂಕ್ ಸಾಲದಾದಾಗ ತಾರಸಿಯಲ್ಲೋ ಹಿತ್ತಿಲಲ್ಲೋ ಸಿಮೆಂಟ್ ತೊಟ್ಟಿ ಕಟ್ಟಿಸಿ. ನಡುವೆ ಹತ್ತಿ ಕೂರಲು ಒಂದು ಕಲ್ಲು, ಒಂದು ಕಡೆ ನೆರಳು, ಮೇಲೆ ಗಾಜಿನ ಬದಲು ತಂತಿ ಬಲೆ.